ಗಾಯ ಇಂಗ್ಲೆಂಡಿನಲ್ಲಿ, ನರಳಾಟ ಶಿಡ್ಲಘಟ್ಟದಲ್ಲಿ

ಇಂಗ್ಲೆಂಡಿನಲ್ಲಿ ಯಾರಿಗೋ ಕಾಲು ಉಳುಕಿದರೆ ಶಿಡ್ಲಘಟ್ಟದಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತದೆ. ಒಂದು ಸಲ ಎರಡು ಸಲ ಅಲ್ಲ ಸ್ವಾಮಿ, ಆಗಸ್ಟಿನಿಂದ ಮೇ ತಿಂಗಳವರೆಗೆ ವಾರಾವಾರಾ ಇದೇ ಗೋಳು. ಯಾರ ಹತ್ತಿರ ಹೇಳಿಕೊಂಡರೂ ನಂಬುವುದಿಲ್ಲ, ಅದಕ್ಕೇ ಬರೆದು ಇಡುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟು. ಶಿಡ್ಲಘಟ್ಟದಲ್ಲಿ ಸಣ್ಣದೊಂದು ಕ್ಲಿನಿಕ್ಕು. ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ‘ಕ್ರೀಡಾ ಗಾಯಗಳ ತಜ್ಞರು’ ಅಂತ ಬರೆಸಿದ್ದೇನೆ. ಬರುವವರು ಮಾತ್ರ ರೇಷ್ಮೆ ನೂಲು ತೆಗೆದು ತೆಗೆದು ಭುಜ ಹಿಡಿದುಕೊಂಡವರು, ಬೈಕಿನಿಂದ ಬಿದ್ದವರು, ನೀರಿನ ಕ್ಯಾನು ಎತ್ತಿ ಕತ್ತು ತಿರುಗಿಸಲಾಗದವರು. ಹತ್ತು ವರ್ಷದಲ್ಲಿ ಕ್ರೀಡಾ ಗಾಯ ಅಂತ ಬಂದದ್ದು ಇಬ್ಬರೇ: ಕಬಡ್ಡಿಯಲ್ಲಿ ಬೆರಳು ತಿರುಚಿಕೊಂಡ ಒಬ್ಬ ಪೊಲೀಸಪ್ಪ, ಕೇರಂ ಆಡಿ ಮಣಿಕಟ್ಟು ಹಿಡಿಸಿಕೊಂಡ ಒಬ್ಬ ನಿವೃತ್ತ ಮೇಷ್ಟ್ರು. ಆದರೂ ಆ ಕೆಂಪಕ್ಷರ ಅಂದರೆ ನನಗೆ ಪ್ರಾಣ. ಬೆಳಗ್ಗೆ ಬೀಗ ತೆಗೆಯುವ ಮುಂಚೆ ಒಂದು ಸಲ ತಲೆಯೆತ್ತಿ ಓದಿಕೊಂಡೇ ಒಳಗೆ ಹೋಗುವುದು.

ನಾವು ನಾಲ್ಕು ಜನ ಫ್ಯಾಂಟಸಿ ಫುಟ್‌ಬಾಲ್ ಆಡುತ್ತೇವೆ. ನಾನು, ಚಿಕ್ಕಬಳ್ಳಾಪುರದ ಕಾಲೇಜಿನ ಎಕನಾಮಿಕ್ಸ್ ಲೆಕ್ಚರರು, ಪೆರೇಸಂದ್ರದಲ್ಲಿ ಹೈವೇ ಪಕ್ಕ ಹೋಟೆಲು ಇಟ್ಟಿರುವವರು, ಮತ್ತೆ ನಮ್ಮೂರಿನವರೇ ಒಬ್ಬ ರೀಲರು, ಅಂದರೆ ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವರು. ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಆಟಗಾರರಲ್ಲಿ ನಮಗೆ ಬೇಕಾದವರನ್ನು ಆರಿಸಿ ಫೋನಿನಲ್ಲೇ ಒಂದು ತಂಡ ಕಟ್ಟಬೇಕು. ಅವರು ಅಲ್ಲಿ ನಿಜವಾಗಿ ಗೋಲು ಹೊಡೆದರೆ ನಮಗೆ ಇಲ್ಲಿ ಪಾಯಿಂಟು. ಗಾಯ ಆಗಿ ಆಡದೇ ಹೋದರೆ ಸೊನ್ನೆ. ಕ್ಯಾಪ್ಟನ್ ಅಂತ ಒಬ್ಬನನ್ನು ಗುರುತು ಮಾಡಿದರೆ ಅವನದು ಡಬಲ್. ಕಾಸು ಕಟ್ಟುವ ಆಟ ಅಲ್ಲ, ಮಾನ ಕಟ್ಟುವ ಆಟ.

ಮೂಳೆ ನರ ಓದಿದವನು ಗುಂಪಿನಲ್ಲಿ ನಾನೊಬ್ಬನೇ. ಆದ್ದರಿಂದ ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಅಂತ ಎಲ್ಲರೂ ನನ್ನನ್ನೇ ಕೇಳುವುದು. ಹೋದ ವರ್ಷ ಕಟ್ಟಕಡೆಗೆ ಬಂದದ್ದೂ ನಾನೇ. ಹಾಗಾಗಿ ಈ ಸಲ ಆಟ ಶುರುವಾದ ದಿನವೇ ಗುಂಪಿನಲ್ಲಿ ತೀರ್ಮಾನ ಆಗಿಹೋಯಿತು: ಈ ವರ್ಷವೂ ಡಾಕ್ಟ್ರು ಕೊನೆಗೆ ಬಂದರೆ ಬೋರ್ಡಿನ ಆ ಕೆಂಪು ಸಾಲಿಗೆ ಬಿಳಿ ಬಣ್ಣ ಬಳಿಸಬೇಕು. ನನಗೂ ರೋಷ ಬಂತು, ಆಗಲಿ ಅಂದುಬಿಟ್ಟೆ.

೧. ಲೆಕ್ಚರರು ಬಿದ್ದು ತೋರಿಸಿದ್ದು

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಲೆಕ್ಚರರು ಚಿಕ್ಕಬಳ್ಳಾಪುರದಿಂದ ಸೀದಾ ಕ್ಲಿನಿಕ್ಕಿಗೆ ಬಂದರು. ಅವರ ತಂಡದ ಫಾರ್ವರ್ಡು, ಅಂದರೆ ಗೋಲು ಹೊಡೆಯಲೆಂದೇ ಮುಂದೆ ನಿಲ್ಲುವವನು, ಹಿಂದಿನ ವಾರ ಕಣಕಾಲು ತಿರುಚಿಕೊಂಡು ಬಿದ್ದಿದ್ದ. ಇಟ್ಟುಕೊಳ್ಳಬೇಕೋ ತೆಗೆಯಬೇಕೋ, ಸಂಜೆಯೊಳಗೆ ಗೊತ್ತಾಗಬೇಕಿತ್ತು. ವಿಡಿಯೋ ತೋರಿಸಿದರು. ಸರಿಯಾಗಿ ಕಾಲು ತಿರುಗುವ ಹೊತ್ತಿಗೆ ಇನ್ನೊಬ್ಬ ಅಡ್ಡ ಬರುತ್ತಾನೆ, ಏನೂ ಕಾಣುವುದಿಲ್ಲ. ಕಾಲು ಒಳಕ್ಕೆ ತಿರುಗಿತೋ ಹೊರಕ್ಕೆ ತಿರುಗಿತೋ ನೋಡದೆ ಹೇಳುವುದು ಕಷ್ಟ ಅಂದೆ.

ಲೆಕ್ಚರರು ಆ ವಿಡಿಯೋ ನಲವತ್ತು ಸಲ ನೋಡಿದ್ದರಂತೆ. ಇರಿ ಸಾರ್, ನಾನೇ ಮಾಡಿ ತೋರಿಸ್ತೀನಿ ಅಂತ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಪ್ಯಾಂಟು ಮಡಚಿದರು. ವ್ಯಾಯಾಮಕ್ಕೆ ಅಂತ ಇಟ್ಟಿದ್ದ ದೊಡ್ಡ ರಬ್ಬರ್ ಚೆಂಡನ್ನು ನೆಲದ ಮಧ್ಯೆ ಉರುಳಿಸಿದರು. ಪಕ್ಕದ ಮಂಚದಲ್ಲಿ ಕತ್ತಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಒಬ್ಬ ಯಜಮಾನರು ಕತ್ತು ಆಡಿಸುವ ಹಾಗಿರಲಿಲ್ಲ, ಬರೀ ಕಣ್ಣುಗುಡ್ಡೆ ತಿರುಗಿಸಿಕೊಂಡು ನೋಡುತ್ತಿದ್ದರು. ಲೆಕ್ಚರರು ಮೂರು ಹೆಜ್ಜೆ ಓಡಿ, ಚೆಂಡಿನ ಪಕ್ಕ ಕಾಲೂರಿ, ಗಿರ್ರನೆ ತಿರುಗಿ, ಧೊಪ್ಪನೆ ಬಿದ್ದರು. ಒಳಗೆಲ್ಲೋ ಲಟಕ್ ಅಂತ ಸದ್ದು ಬಂತು.

ನಾನು ಗಾಬರಿಯಾಗಿ ಹತ್ತಿರ ಹೋದೆ. ಅವರ ಮುಖ ಬೆವೆತು ಹೋಗಿತ್ತು. ಆದರೆ ಬಾಯಿಂದ ಅಮ್ಮಾ ಅಂತ ಬರಲಿಲ್ಲ, ಅಯ್ಯೋ ಅಂತಲೂ ಬರಲಿಲ್ಲ.

“ಕರೆಕ್ಟಾಗಿ ಹಿಂಗೇ ಬಿದ್ದಿದ್ದು ಸಾರ್. ಈಗ ಹೇಳಿ, ಎಷ್ಟು ದಿನ?”

ಕಾಲು ಮುಟ್ಟಿ ನೋಡಿ ಮೂರು ವಾರ ಅಂದೆ. ಮಲಗಿದ್ದಲ್ಲೇ ಫೋನು ಕೇಳಿ ಇಸಿದುಕೊಂಡು ಫಾರ್ವರ್ಡನ್ನು ತಂಡದಿಂದ ತೆಗೆದುಹಾಕಿದರು. ಶ್ರದ್ಧೆ ಅಂದರೆ ಅದು ಸ್ವಾಮಿ. ಅವತ್ತು ಸಂಜೆ ಫಾರ್ವರ್ಡು ಪೂರ್ತಿ ಆಟ ಆಡಿ ಒಂದು ಗೋಲು ಹೊಡೆದ. ಲೆಕ್ಚರರು ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಮೂರು ವಾರ ಮನೆಯಲ್ಲಿದ್ದರು. ರಜೆ ಅರ್ಜಿಯಲ್ಲಿ ಕಾರಣ ‘ಫುಟ್‌ಬಾಲ್ ಗಾಯ’ ಅಂತ ಬರೆದಿದ್ದರು. ಪ್ರಿನ್ಸಿಪಾಲರು ಅದನ್ನು ಓದಿ ಬಹಳ ಸಂತೋಷಪಟ್ಟು, ಇವರನ್ನು ಕಾಲೇಜು ಫುಟ್‌ಬಾಲ್ ತಂಡದ ಕೋಚ್ ಮಾಡಿ ಆರ್ಡರು ಕಳಿಸಿದರು.

೨. ಕಾಶ್ಯಪ ಗೋತ್ರದ ಮಿಡ್‌ಫೀಲ್ಡರು

ಹೋಟೆಲಿನವರ ಮಿಡ್‌ಫೀಲ್ಡರಿಗೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. ಅವನು ಬ್ರೆಜಿಲ್ ದೇಶದವನು. ಹೋಟೆಲಿನವರಿಗೆ ಅವನ ಮೇಲೆ ಮಗನ ಮೇಲಿರುವಷ್ಟು ಪ್ರೀತಿ. ನನ್ನನ್ನು ಕೇಳಿದರು. ನಾನು ಈ ಸಲ ಪುಸ್ತಕ ತೆಗೆದು ನೋಡಿಯೇ ಹೇಳಿದೆ, ಕನಿಷ್ಠ ನಾಲ್ಕು ವಾರ, ಬೇಕಾದರೆ ಚೀಟಿಯಲ್ಲಿ ಬರೆದುಕೊಡ್ತೀನಿ ಅಂತ. ಅವರು ಯಾವುದಕ್ಕೂ ಇರಲಿ ಅಂತ ಹೈವೇ ಪಕ್ಕದ ಆಂಜನೇಯನ ಗುಡಿಯಲ್ಲಿ ಅವನ ಹೆಸರಿಗೆ ಅರ್ಚನೆ ಮಾಡಿಸಲು ಹೊರಟರು. ನನ್ನನ್ನೂ ಕರೆದುಕೊಂಡು ಹೋದರು.

ಅರ್ಚಕರು ಹೆಸರು ಕೇಳಿದರು. ಹೋಟೆಲಿನವರು ಹೇಳಿದರು. ಅರ್ಚಕರು ಎರಡು ಸಲ ಪ್ರಯತ್ನಪಟ್ಟು ಮೂರನೇ ಸಲಕ್ಕೆ ಹೇಗೋ ನಾಲಿಗೆ ಹೊರಳಿಸಿಕೊಂಡರು. ನಕ್ಷತ್ರ ಕೇಳಿದರು. ಹೋಟೆಲಿನವರು ಅವನ ಹುಟ್ಟಿದ ದಿನ ಫೋನಿನಲ್ಲಿ ಹುಡುಕಿ, ಅಲ್ಲಿಯ ವೇಳೆಗೂ ಇಲ್ಲಿಯ ವೇಳೆಗೂ ಇರುವ ವ್ಯತ್ಯಾಸ ಕಳೆದು, ವಿಶಾಖ ಅಂತ ಮನೆಯಲ್ಲೇ ಲೆಕ್ಕ ಹಾಕಿಸಿಕೊಂಡು ಬಂದಿದ್ದರು. ಗೋತ್ರ ಕೇಳಿದಾಗ ಮಾತ್ರ ತಬ್ಬಿಬ್ಬಾದರು. ನನ್ನ ಮುಖ ನೋಡಿದರು. ನನಗೆ ಅವನ ಸ್ನಾಯು ಗೊತ್ತು, ಗೋತ್ರ ಎಲ್ಲಿ ಗೊತ್ತು? ಅರ್ಚಕರು ಒಂದು ಕ್ಷಣವೂ ತಡವರಿಸಲಿಲ್ಲ. ಗೋತ್ರ ಗೊತ್ತಿಲ್ಲದೋರೆಲ್ಲ ಕಾಶ್ಯಪ ಗೋತ್ರ ಕಣಪ್ಪ, ಬಿಡು ಅಂತ ಮಂತ್ರ ಶುರು ಮಾಡಿದರು. ಸಾವಿರಾರು ಮೈಲಿ ಆಚೆ ಐಸು ಕಟ್ಟಿಕೊಂಡು ಮಲಗಿರುವವನನ್ನು ಅಷ್ಟು ಸಲೀಸಾಗಿ ನಮ್ಮವನನ್ನಾಗಿ ಮಾಡಿಕೊಂಡದ್ದು ಕಂಡು ನಾನು ಕೈಮುಗಿದು ನಿಂತುಬಿಟ್ಟೆ.

ಶನಿವಾರ ಬಂತು. ಹೋಟೆಲಿನವರು ಅರ್ಚನೆಯನ್ನೂ ಮಾಡಿಸಿದ್ದರು, ನನ್ನ ಮಾತು ಕೇಳಿ ಅವನನ್ನು ತಂಡದಿಂದ ಹೊರಗೂ ಇಟ್ಟಿದ್ದರು. ಹೋಟೆಲಿನ ಟಿವಿಯಲ್ಲಿ ನೋಡಿದರೆ ಕಾಶ್ಯಪ ಗೋತ್ರದವನು ಕುಣಿದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದಾನೆ. ಎರಡು ಗೋಲು ಹೊಡೆದ. ಎರಡನೇ ಗೋಲಿಗೆ ಹೋಟೆಲಿನವರು ಸಾಂಬಾರು ಬಕೆಟ್ಟು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. ಸಿಟ್ಟೇನೂ ಮಾಡಲಿಲ್ಲ.

“ದೇವರು ವಾಸಿ ಮಾಡಿದ. ಡಾಕ್ಟ್ರು ಹೊರಗಿಟ್ಟರು.”

ಅಷ್ಟು ಹೇಳಿ, ನನ್ನ ಇಡ್ಲಿಗೆ ಸಾಂಬಾರು ಹಾಕದೆ ಪಕ್ಕದ ಮೇಜಿಗೆ ಹೋದರು.

೩. ಅವರೆಕಾಳು ಹಿತುಕುತ್ತಿದ್ದ ಅಜ್ಜಿ

ಜನವರಿ ಹೊತ್ತಿಗೆ ಎಲ್ಲರಿಗಿಂತ ಕೆಳಗೆ ರೀಲರು ಇದ್ದರು, ಅವರ ಮೇಲೆ ನಾನು. ಅವರು ಬಹಳ ಕೆಳಗಿದ್ದರು, ನನಗೆ ಬೋರ್ಡಿನ ಚಿಂತೆ ಅಷ್ಟಾಗಿ ಇರಲಿಲ್ಲ.

ರೀಲರ ತಾಯಿ ಚಿಂತಾಮಣಿ ಕಡೆ ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿಯಲ್ಲಿರುತ್ತಾರೆ. ಉಳುಕು ತೆಗೆಯುವುದು, ಮುರಿದ ಮೂಳೆಗೆ ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟುವುದು ಅವರ ಕಸುಬು. ಜನ, ದನ, ಆಡು, ಎಲ್ಲಕ್ಕೂ ಕಟ್ಟುತ್ತಾರೆ. ಓದಿದವನ ಜಂಬದಲ್ಲಿ ನಾನು ನನ್ನ ರೋಗಿಗಳಿಗೆಲ್ಲ ಅಂಥವರ ಹತ್ತಿರ ಹೋಗಬೇಡಿ ಅಂತ ಬೈದು ಕಳಿಸುತ್ತಿದ್ದೆ. ಅವರೆಕಾಯಿ ಕಾಲ ಅಂತ ಅಜ್ಜಿ ಮಗನ ಮನೆಗೆ ಬಂದಿದ್ದರು. ನಾವು ನಾಲ್ಕೂ ಜನ ಟಿವಿ ಮುಂದೆ ಕೂತಿದ್ದೆವು. ಅಜ್ಜಿ ನೆಲದ ಮೇಲೆ ಕಾಲು ಚಾಚಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು.

ಆಟದಲ್ಲಿ ಇಬ್ಬರು ಡಿಕ್ಕಿ ಹೊಡೆದರು. ಒಬ್ಬ ಮಂಡಿ ಹಿಡಿದುಕೊಂಡು ಉರುಳಾಡಿದ, ಕಿರುಚಿದ, ಅಂಗೈಯಿಂದ ನೆಲ ಬಡಿದ. ಮಂಡಿ ಹೋಯ್ತು, ಇವನ ಕಥೆ ಈ ವರ್ಷಕ್ಕೆ ಮುಗೀತು ಅಂತ ನಾನು ತೀರ್ಪು ಕೊಟ್ಟೆ. ಅಜ್ಜಿ ಕೈ ನಿಲ್ಲಿಸಲಿಲ್ಲ.

“ಅವನಿಗೇನೂ ಆಗಿಲ್ಲ ನಾಯ್ನಾ. ನಿಜವಾಗಿ ನೋವಾದೋನು ನೆಲ ಬಡಿಯಲ್ಲ, ಉಸಿರು ಹಿಡ್ಕೊತಾನೆ. ಆ ಕಡೆ ಒಬ್ಬ ಬೂಟು ನೋಡ್ಕೊಂಡು ಸುಮ್ನೆ ನಿಂತವ್ನೆ ನೋಡು. ಹೋಗಿರೋದು ಅವನದು.”

ಎರಡು ನಿಮಿಷಕ್ಕೆ ಉರುಳಾಡಿದವನು ಎದ್ದು ಓಡಿದ. ಸುಮ್ಮನೆ ನಿಂತಿದ್ದವನು ಯಾರ ಕೈಯನ್ನೂ ಹಿಡಿಯದೆ ಮೆಲ್ಲಗೆ ಹೊರಗೆ ನಡೆದ. ಮಾರನೇ ದಿನ ಅವನಿಗೆ ಆರು ವಾರ ವಿಶ್ರಾಂತಿ ಅಂತ ಸುದ್ದಿ ಬಂತು. ರೀಲರು ಅವತ್ತೇ ತಮ್ಮ ತಂಡವನ್ನು ತಾಯಿಗೆ ಒಪ್ಪಿಸಿಬಿಟ್ಟರು, ಇನ್ಮೇಲೆ ನೀನು ಹೇಳು, ನಾನು ಒತ್ತುತೀನಿ ಅಂತ.

ಅಜ್ಜಿಗೆ ಆಟಗಾರರ ಹೆಸರು ಬೇಕಿರಲಿಲ್ಲ. ಜುಟ್ಟಿನವನು, ಹಲ್ಲುಬ್ಬಿದವನು, ಇನ್ನೂ ಮದುವೆ ಆಗದೋನು. ಮದುವೆ ಆಗಿಲ್ಲ ಅಂತ ಹೇಗೆ ಗೊತ್ತಾಯಿತೋ, ನೋಡಿದರೆ ನಿಜವಾಗಿಯೂ ಆಗಿರಲಿಲ್ಲ. ಆಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಡೆದು ಬರುತ್ತಾರಲ್ಲ, ಅಜ್ಜಿ ನೋಡುವುದು ಅಷ್ಟು ಮಾತ್ರ. ಎಲ್ಲರ ತಂಡದಲ್ಲೂ ಇದ್ದ ದೊಡ್ಡ ಹೆಸರಿನವನೊಬ್ಬನನ್ನು ನೋಡಿ, ಇವನು ಬ್ಯಾಡ, ಎಡಗಾಲು ಉಳಿಸ್ಕೊಂಡು ನಡೀತವ್ನೆ ಅಂದರು. ನಾವು ನಕ್ಕೆವು. ತಿಂಗಳೊಳಗೆ ಅವನ ಎಡಗಾಲಿಗೆ ಆಪರೇಷನ್ ಆಯಿತು.

ಲೆಕ್ಚರರು ಬಹಳ ಭಕ್ತಿಯಿಂದ, ಇದೆಲ್ಲ ಎಲ್ಲಿ ಕಲಿತಿರಿ ಅಜ್ಜಿ ಅಂತ ಕೇಳಿದರು. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಎತ್ತು ಕೊಳ್ಳೋವಾಗ ನೀವು ಮತ್ತಿನ್ನೇನು ನೋಡ್ತೀರಪ್ಪ?”

೪. ಬೇಹುಗಾರಿಕೆಗೆ ಹೋದವನು

ಅವರೆಕಾಯಿ ಕಾಲ ಮುಗಿದು ಹಳ್ಳಿಗೆ ವಾಪಸ್ಸು ಹೋದ ಮೇಲೂ ಅಜ್ಜಿ ಅಲ್ಲೇ ಟಿವಿ ನೋಡಿ ಮಗನಿಗೆ ಫೋನಿನಲ್ಲಿ ತಂಡ ಹೇಳುತ್ತಿದ್ದರು. ಏಪ್ರಿಲ್ ಹೊತ್ತಿಗೆ ನನ್ನ ಹಿಮ್ಮಡಿಗೆ ಬಂದಿದ್ದರು. ಲೆಕ್ಚರರು, ಹೋಟೆಲಿನವರು ಇಬ್ಬರೂ ಆರಾಮಾಗಿ ಮೇಲಿದ್ದರು. ಕೆಳಗೆ ಉಳಿದದ್ದು ನಾನು ಮತ್ತೆ ಅಜ್ಜಿ. ಅವರು ನನ್ನನ್ನು ದಾಟಿದರೆ ನನ್ನ ಕೆಂಪಕ್ಷರ ಹೋಯಿತು. ಲೆಕ್ಚರರು ಆಗಲೇ ಒಬ್ಬ ಪೇಂಟರನ್ನು ಗೊತ್ತು ಮಾಡಿ, ಅಳತೆ ತೆಗೆದುಕೊಂಡು ಬಾ ಅಂತ ನನ್ನ ಕ್ಲಿನಿಕ್ಕಿಗೆ ಕಳಿಸಿದ್ದರು.

ಅಜ್ಜಿ ಯಾರನ್ನು ಕ್ಯಾಪ್ಟನ್ ಮಾಡುತ್ತಾರೆ ಅಂತ ಮೊದಲೇ ಗೊತ್ತಾದರೆ ನಾನೂ ಅವನನ್ನೇ ಮಾಡಬಹುದಲ್ಲ ಅಂತ ಯೋಚನೆ ಹೊಳೆಯಿತು. ಒಂದು ಭಾನುವಾರ ಚಿಂತಾಮಣಿ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಅಜ್ಜಿಯ ಹಳ್ಳಿಗೆ ಹೋದೆ. ಈ ಕಡೆ ಏನೋ ಕೆಲಸ ಇತ್ತು, ಹಾಗೇ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಅನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಗೇಟು ತೆಗೆದು ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೇ.

“ಸೊಂಟ ಎಷ್ಟು ದಿನದಿಂದ ಹಿಡ್ಕೊಂಡೈತೆ?”

ಮೂರು ತಿಂಗಳಿಂದ ಹಿಡಿದುಕೊಂಡಿತ್ತು. ಹೆಂಡತಿಗೂ ಹೇಳಿರಲಿಲ್ಲ. ಸೊಂಟ ನೋವು ವಾಸಿ ಮಾಡುವವನಿಗೇ ಸೊಂಟ ನೋವು ಅಂದರೆ ಊರು ನಗುವುದಿಲ್ಲವೇ? ಅಜ್ಜಿ ನನ್ನ ಉತ್ತರಕ್ಕೆ ಕಾಯಲಿಲ್ಲ. ಅಂಗಳದ ಚಾಪೆಯ ಮೇಲೆ ಬೋರಲು ಮಲಗಿಸಿ ಅಂಗೈಯಿಂದ ಒಂದು ಕಡೆ ಒತ್ತಿದರು. ಕಣ್ಣಲ್ಲಿ ನಕ್ಷತ್ರ ಕಂಡವು. ಆಮೇಲೆ ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ದಪ್ಪಗೆ ಬಳಿದು ಬಟ್ಟೆ ಸುತ್ತತೊಡಗಿದರು.

ಬೋರಲು ಮಲಗಿದ್ದ ನನ್ನ ಕಣ್ಣ ಮುಂದೆ ಒಂದು ಜೊತೆ ಚಪ್ಪಲಿ ಬಂದು ನಿಂತವು. ಎಲ್ಲೋ ನೋಡಿದ ಚಪ್ಪಲಿ. ತಲೆಯೆತ್ತಿದರೆ, ಭುಜದ ನೋವಿಗೆ ಆರು ವಾರದಿಂದ ನನ್ನ ಹತ್ತಿರ ಬರುತ್ತಿದ್ದವರು. ನಿಮ್ಮ ವ್ಯಾಯಾಮದಿಂದಲೇ ಇಷ್ಟು ಕೈ ಎತ್ತೋ ಹಾಗಾಗಿದೆ ಸಾರ್ ಅಂತ ಹಿಂದಿನ ದಿನ ತಾನೇ ಹೇಳಿ ಹೋಗಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರ ಮುಖದಲ್ಲಿ ದೊಡ್ಡ ಭಾರ ಇಳಿದಂತಾಯಿತು. ನೀವೂ ಇಲ್ಲಿಗೇ ಬರೋದಾ ಸಾರ್ ಅಂದರು.

ಅವರ ಹಿಂದೆ ಕಲ್ಲಿನ ಬೆಂಚಿನ ಮೇಲೆ ನನ್ನ ಇನ್ನಿಬ್ಬರು ರೋಗಿಗಳು ಕೂತಿದ್ದರು. ಅವರೂ ಎದ್ದು ನಿಂತು ನಮಸ್ಕಾರ ಮಾಡಿದರು. ಹತ್ತು ವರ್ಷದಲ್ಲಿ ನನ್ನ ಕ್ಲಿನಿಕ್ಕಿನಲ್ಲಿ ಒಬ್ಬರೂ ನನಗೆ ಎದ್ದು ನಿಂತದ್ದಿಲ್ಲ. ಮೂರನೇ ದಿನಕ್ಕೆ ನೋವು ಹೋಯಿತು. ಕ್ಯಾಪ್ಟನ್ ಯಾರು ಅಂತ ಕೇಳುವುದು ಮರೆತೇ ಹೋಗಿತ್ತು.

೫. ಕೊನೆಯ ಸುತ್ತು

ಮೇ ತಿಂಗಳು. ಕೊನೆಯ ಸುತ್ತಿಗೆ ಮುಂಚೆ ನಾನು ಅಜ್ಜಿಗಿಂತ ನಾಲ್ಕೇ ಪಾಯಿಂಟು ಮುಂದಿದ್ದೆ. ವಾರಕ್ಕೆ ನನಗೆ ನಲವತ್ತು ಬಂದರೆ ಹೆಚ್ಚು, ಅಜ್ಜಿಗೆ ಅರವತ್ತಕ್ಕೆ ಕಡಿಮೆ ಇಲ್ಲ. ಲೆಕ್ಕ ಹಾಕಲು ಎಕನಾಮಿಕ್ಸ್ ಬೇಕಿರಲಿಲ್ಲ. ಸಂಜೆ ಎಲ್ಲರೂ ಪೆರೇಸಂದ್ರದ ಹೋಟೆಲಿನಲ್ಲಿ ಸೇರಿದೆವು. ಲೆಕ್ಚರರು ಪೇಂಟರನ್ನೂ ಕರೆತಂದು ಕಾಫಿ ಕುಡಿಸುತ್ತಾ ಕೂರಿಸಿದ್ದರು. ಬೆಳಗ್ಗೆ ಹೊರಡುವಾಗ ನಾನು ಬೋರ್ಡನ್ನು ಎರಡು ಸಲ ಓದಿ ಬಂದಿದ್ದೆ.

ತಂಡ ಬದಲಾಯಿಸುವ ಗಡುವು ಮುಗಿದ ಮೇಲೆ ಒಬ್ಬರ ತಂಡ ಇನ್ನೊಬ್ಬರಿಗೆ ಕಾಣುತ್ತದೆ. ನಾನು ಅಜ್ಜಿಯ ತಂಡ ತೆರೆದು ನೋಡಿದೆ. ವರ್ಷಕ್ಕೆ ಒಂದು ಸಲ ಇಡೀ ತಂಡ ಬದಲಾಯಿಸುವ ಅವಕಾಶ ಇರುತ್ತದೆ. ಅಜ್ಜಿ ಅದನ್ನು ಇಷ್ಟು ದಿನ ಮುಟ್ಟದೆ ಇಟ್ಟುಕೊಂಡು ಅವತ್ತು ಬಳಸಿದ್ದರು. ಹನ್ನೊಂದು ಜನ, ಮೇಲೆ ಬದಲಿ ನಾಲ್ಕು ಜನ, ಹದಿನೈದಕ್ಕೆ ಹದಿನೈದೂ ಹೊಸಬರು. ಅದರಲ್ಲಿ ಒಂಬತ್ತು ಜನ ಗಾಯವಾಗಿ ತಿಂಗಳುಗಟ್ಟಲೆ ಮಲಗಿದ್ದವರು. ರೀಲರು ತಲೆ ಚಚ್ಚಿಕೊಂಡರು. ಮುಂದಿನ ವಾರಾನೂ ಆಟ ಐತೆ ಅಂತ ಅಂದ್ಕೊಂಡು ಹೇಳಿರಬೇಕು, ವಯಸ್ಸಾಯ್ತು ಅಮ್ಮನಿಗೆ, ಹೇಳಿದ ಹಾಗೆ ನಾನು ಒತ್ತಿಬಿಟ್ಟೆ ಅಂದರು.

ಆದರೆ ಉಳಿದ ಆರು ಜನ ಗಟ್ಟಿಮುಟ್ಟಾದವರು. ಯಾವ ನೋವೂ ಇಲ್ಲ ಅಂತ ಅವರವರ ತಂಡದ ಡಾಕ್ಟರುಗಳೇ ಹೇಳಿದ್ದರು. ಆರರಲ್ಲಿ ಒಬ್ಬ ನನ್ನ ಕ್ಯಾಪ್ಟನ್.

ಆಟ ಶುರುವಾಗುವ ಮುಂಚೆಯೇ ಆರರಲ್ಲಿ ಮೂವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಬೆಳಗ್ಗೆ ಏನೋ ಹಿಡಿದುಕೊಂಡಿತಂತೆ. ನಾಲ್ಕನೆಯವನು ಮೈ ಬೆಚ್ಚಗೆ ಮಾಡಿಕೊಳ್ಳಲು ಓಡಿ, ತೊಡೆ ಹಿಡಿದುಕೊಂಡು ಹಾಗೇ ವಾಪಸ್ಸು ಹೋದ. ನನ್ನ ಕ್ಯಾಪ್ಟನ್ ಎಂಟನೇ ನಿಮಿಷಕ್ಕೆ ಸುಮ್ಮನೆ ನಿಂತು ಬೂಟು ನೋಡಿಕೊಂಡ. ಅವನು ಹೊರಗೆ ನಡೆದ. ಆರನೆಯವನು ಇನ್ನೂ ಹತ್ತು ನಿಮಿಷ ತಡೆದುಕೊಂಡ, ಆಮೇಲೆ ಅವನೂ ಹೋದ.

ಎರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ನನಗೆ ಹತ್ತೊಂಬತ್ತು ಪಾಯಿಂಟು. ಅಜ್ಜಿಗೆ ಎರಡು, ಆ ಇಬ್ಬರು ಮೈದಾನಕ್ಕೆ ಕಾಲಿಟ್ಟದ್ದಕ್ಕೇ ಸಿಕ್ಕ ಒಂದೊಂದು. ಪೇಂಟರು ಮೂರನೇ ಕಾಫಿ ಮುಗಿಸಿ, ಹಂಗಾದ್ರೆ ಕೆಲಸ ಇಲ್ವಾ ಅಂತ ಬೇಜಾರಿನಿಂದ ಎದ್ದು ಹೋದರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಜ್ಜಿ ಕೊನೆಗೆ ಎಡವಿದರು ಅಂತ ಮಾತಾಡಿಕೊಂಡರು. ನಾನು ಮಾತ್ರ ಅಜ್ಜಿಯ ತಂಡವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಆಡುವವರನ್ನು ಆರಿಸಿ ಗೆಲ್ಲುವುದು ಯಾರಾದರೂ ಮಾಡಬಹುದು. ಇನ್ನೂ ಬಾರದ ನೋವನ್ನು ಆರು ಜನರಲ್ಲಿ ನೋಡಿ, ಆ ಆರು ಜನರನ್ನೇ ಹೆಕ್ಕಿ ತೆಗೆದು ಸೋಲುವುದು ಇದೆಯಲ್ಲ, ಅದನ್ನು ನಾನು ಏಳು ಜನ್ಮ ಓದಿದರೂ ಮಾಡಲಾರೆ.

ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಅಜ್ಜಿ ಒಂದು ಆಡಿನ ಮರಿಯ ಕಾಲಿಗೆ ದಬ್ಬೆ ಕಟ್ಟುತ್ತಿದ್ದರು. ಬೇಕೂಂತಲೇ ಸೋತ್ರಾ ಅಜ್ಜಿ ಅಂತ ಕೇಳಿದೆ. ಅವರು ಇಲ್ಲ ಅನ್ನಲಿಲ್ಲ. ಆ ಎರಡು ಪಾಯಿಂಟು ಹೇಗೆ ಬಂತೋ ಗೊತ್ತಾಗಲಿಲ್ಲ, ಆ ಇಬ್ಬರು ಅಷ್ಟು ಹೊತ್ತು ನಿಲ್ಲುತ್ತಾರೆ ಅಂದುಕೊಂಡಿರಲಿಲ್ಲ ಅಂತ ಬೇಜಾರು ಮಾಡಿಕೊಂಡರು.

ನನ್ನ ಕಣ್ಣು ತುಂಬಿ ಬಂತು. ಬಗ್ಗಿ ಕಾಲು ಮುಟ್ಟಿದೆ. ಇಷ್ಟು ದಿನ ನಿಮ್ಮನ್ನೇ ಬೈಕೊಂಡು ತಿರುಗಿದವನು ನಾನು, ನನ್ನ ಬೋರ್ಡು ಉಳಿಸೋಕೆ ನೀವ್ಯಾಕಮ್ಮ ಸೋಲಬೇಕಿತ್ತು ಅಂದೆ. ಅಜ್ಜಿ ಗಂಟು ಬಿಗಿದು, ಮರಿಯನ್ನು ಕೆಳಗೆ ಬಿಟ್ಟು, ಅದು ಕುಂಟುತ್ತಾ ಹೋಗುವುದನ್ನು ನೋಡುತ್ತಾ ಹೇಳಿದರು:

“ಅದನ್ನ ಅಳಿಸಿಬಿಟ್ರೆ ಹೆಂಗಪ್ಪ? ಆ ಬೋರ್ಡು ನೋಡಿ ಜನ ಮೊದಲು ನಿನ್ನ ಹತ್ರ ಬರ್ತಾರೆ. ಅಲ್ಲಿ ವಾಸಿಯಾಗ್ದೆ ಇದ್ಮೇಲೆ ತಾನೇ ನನ್ನ ಹತ್ರ ಬರೋದು?”